ಏಟು ಯಾವ ಉಂಗುರಕ್ಕೆ ಬೀಳಬೇಕು

ನಮ್ಮ ಮನೆಯ ಮಾರುತಿ 800 ಕಾರು 2002ರ ಮಾದರಿಯದು. ತಂದೆಯವರು ಕೊಂಡದ್ದು, ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಾರಿನ ಹಿಂಬದಿಯಿಂದ ಒಂದು ಸದ್ದು ಏಳತೊಡಗಿತು. ಗಂಟೆಗೆ 35 ಕಿಲೋಮೀಟರ್ ವೇಗದವರೆಗೆ ಏನೂ ಇರುತ್ತಿರಲಿಲ್ಲ. 40 ದಾಟುತ್ತಿದ್ದಂತೆ ದೂರದಲ್ಲಿ ಹಿಟ್ಟಿನ ಗಿರಣಿ ತಿರುಗುತ್ತಿರುವಂತೆ ಒಂದು ಗುಂಯ್ಗುಡುವಿಕೆ ಆರಂಭವಾಗಿ, 60ರ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಕೂತವರ ಮಾತು ಕೇಳಿಸದಷ್ಟು ದಪ್ಪವಾಗುತ್ತಿತ್ತು. ಇಳಿಜಾರಿನಲ್ಲಿ ಒಂದು ಕ್ಷಣ ಗೇರನ್ನು ನ್ಯೂಟ್ರಲ್ಲಿಗೆ ತಂದು ನೋಡಿದೆ. ಇಂಜಿನ್ನಿನ ಸದ್ದು ತಗ್ಗಿತು, ಈ ಸದ್ದು ತಗ್ಗಲಿಲ್ಲ. ಅಲ್ಲಿಗೆ ಇದು ಇಂಜಿನ್ನಿಗೋ ಗೇರುಪೆಟ್ಟಿಗೆಗೋ ಸೇರಿದ್ದಲ್ಲ, ಉರುಳುವ ಚಕ್ರಕ್ಕೆ ಸೇರಿದ್ದು ಎಂಬಷ್ಟು ಖಚಿತವಾಯಿತು.

ಮೊದಲ ಅನುಮಾನ ಟೈರುಗಳ ಮೇಲೆಯೇ ಹೋಯಿತು. ಸವೆತ ಒಂದೇ ಸಮನಾಗಿಲ್ಲದ ಟೈರು ಕೂಡ ಹೆಚ್ಚುಕಡಿಮೆ ಹೀಗೆಯೇ ಸದ್ದು ಮಾಡುತ್ತದೆ. ಆದ್ದರಿಂದ ಒಂದು ಭಾನುವಾರ ಹಿಂದಿನ ಎರಡು ಚಕ್ರಗಳನ್ನು ಮುಂದಕ್ಕೆ, ಮುಂದಿನವನ್ನು ಹಿಂದಕ್ಕೆ ಹಾಕಿ ಬೈಪಾಸಿನಲ್ಲಿ ಓಡಿಸಿದೆ. ಸದ್ದು ಮುಂದಕ್ಕೆ ಬರಲಿಲ್ಲ. ಹಾಗಾದರೆ ಎರಡು ಉಂಗುರಗಳ ನಡುವೆ ಗುಂಡುಗಳನ್ನಿಟ್ಟು ಚಕ್ರವನ್ನು ಸರಾಗವಾಗಿ ತಿರುಗಿಸುವ ಬೇರಿಂಗೇ. ಉಳಿದದ್ದು ಎಡಗಡೆಯದೋ ಬಲಗಡೆಯದೋ ಎಂಬ ಪ್ರಶ್ನೆ. ಇಲ್ಲಿ ನಾನು ತಪ್ಪಿದೆ. ಸಕಲೇಶಪುರ ದಾಟಿ ಮಂಜರಾಬಾದ್ ಕೋಟೆಯ ಕೆಳಗಿನ ತಿರುವುಗಳಲ್ಲಿ ಹೋಗುವಾಗ ಸದ್ದು ಸ್ಪಷ್ಟವಾಗಿ ಎಡಗಡೆಯಿಂದಲೇ ಬರುತ್ತಿದೆ ಎಂದು ನನಗೂ, ಪಕ್ಕದಲ್ಲಿ ಕೂತಿದ್ದ ಮಗನಿಗೂ ಅನ್ನಿಸಿತು. ಆಮೇಲೆ ಯೋಚಿಸಿದಾಗ ಹೊಳೆಯಿತು: ನಾವು ರಸ್ತೆಯ ಎಡಭಾಗದಲ್ಲಿ ಹೋಗುವವರು, ಅಲ್ಲಿ ಎಡಕ್ಕೆ ಇದ್ದದ್ದು ಗುಡ್ಡದ ದರೆ, ಸದ್ದು ದರೆಗೆ ಬಡಿದು ಎಡಗಿಟಕಿಯಿಂದ ಒಳಗೆ ಬರುತ್ತಿತ್ತು. ಕಿವಿಯನ್ನು ನಂಬುವುದಕ್ಕಿಂತ ಭಾರವನ್ನು ನಂಬುವುದು ವಾಸಿ. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಗಡೆಯ ಚಕ್ರಗಳ ಮೇಲೆ ವಾಲುತ್ತದೆ, ಬಲಕ್ಕೆ ತಿರುಗುವಾಗ ಎಡಗಡೆಯವುಗಳ ಮೇಲೆ. ಹಿಂತಿರುಗುವಾಗ ಈ ಲೆಕ್ಕವನ್ನೇ ಇಟ್ಟುಕೊಂಡು ಗಮನಿಸಿದರೆ, ಪ್ರತಿ ಎಡತಿರುವಿನಲ್ಲೂ ಸದ್ದು ಏರುತ್ತಿತ್ತು, ಬಲತಿರುವಿನಲ್ಲಿ ಬಹುಮಟ್ಟಿಗೆ ಅಡಗುತ್ತಿತ್ತು. ಕೆಟ್ಟಿದ್ದು ಬಲಗಡೆಯ ಬೇರಿಂಗು.

ಮನೆಗೆ ಬಂದು ಕಾರಿನ ಹಿಂಭಾಗವನ್ನು ಜಾಕಿಯಿಂದ ಎತ್ತಿ ಇನ್ನೆರಡು ಪರೀಕ್ಷೆ ಮಾಡಿದೆ. ಚಕ್ರದ ನೆತ್ತಿಯನ್ನೂ ಬುಡವನ್ನೂ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿದರೆ ಟಕ್ ಎಂಬ ಸಣ್ಣ ಆಟ, ಅಂದರೆ ಸಡಿಲದ ಅಲುಗಾಟ, ಕೈಗೆ ಸಿಕ್ಕಿತು. ಆಮೇಲೆ ಒಂದು ಕೈಯಲ್ಲಿ ಚಕ್ರವನ್ನು ತಿರುಗಿಸುತ್ತ ಇನ್ನೊಂದು ಕೈಯನ್ನು ಸಸ್ಪೆನ್ಷನ್ನಿನ ಸುರುಳಿ ಸ್ಪ್ರಿಂಗಿನ ಮೇಲೆ ಇಟ್ಟೆ. ಮರಳಿನ ಮೇಲೆ ಗುಂಡು ಉರುಳಿದಂತಹ ನಡುಕ ಬೆರಳಿಗೆ ತಿಳಿಯಿತು. ಎಡಗಡೆಯ ಚಕ್ರದಲ್ಲಿ ಇವೆರಡೂ ಇರಲಿಲ್ಲ. ಬೇರಿಂಗನ್ನು ಪತ್ತೆ ಮಾಡಲು ಬೆಲೆಬಾಳುವ ಯಾವ ಉಪಕರಣವೂ ಬೇಡ, ಸ್ಪ್ರಿಂಗಿನ ಮೇಲಿನ ಕೈ ಸಾಕು.

ನನ್ನನ್ನು ಕಾಡಿದ್ದು ಬೇರಿಂಗು ಕೆಟ್ಟಿತು ಎಂಬುದಲ್ಲ, ಇಷ್ಟು ಬೇಗ ಕೆಟ್ಟಿತು ಎಂಬುದು. ಎರಡು ವರ್ಷದ ಹಿಂದೆ ಇದೇ ಬಲಗಡೆಯ ಬೇರಿಂಗುಗಳನ್ನು ಒಂದು ಗ್ಯಾರೇಜಿನಲ್ಲಿ ಹೊಸದಾಗಿ ಹಾಕಿಸಿದ್ದೆ. ರಸೀದಿ ಈಗಲೂ ಕಾರಿನ ದಾಖಲೆಗಳ ಜೊತೆಗಿದೆ. ಆಮೇಲೆ ಕಾರು ಓಡಿದ್ದು 14,000 ಕಿಲೋಮೀಟರ್ ಮಾತ್ರ. ಕಾರ್ಖಾನೆಯಲ್ಲಿ ಕೂರಿಸಿದ್ದ ಮೂಲ ಬೇರಿಂಗುಗಳು ಇದರ ಹಲವು ಪಟ್ಟು ದೂರ ಓಡಿದ್ದವು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಒಂದೇ ವಸ್ತು, ಒಂದೇ ಭಾರ, ಒಂದೇ ರಸ್ತೆ, ಆದರೂ ಆಯುಸ್ಸಿನಲ್ಲಿ ಇಷ್ಟು ಅಂತರವಿದ್ದರೆ ಅದಕ್ಕೊಂದು ಕಾರಣ ಇರಲೇಬೇಕೆಂದು ನನಗೆ ಅನ್ನಿಸಿತು. ಈ ಸಲ ಬೇರಿಂಗು ಕೂತಿರುವ ಬ್ರೇಕ್ ಡ್ರಮ್ಮನ್ನು ನಾನೇ ಬಿಚ್ಚಬೇಕೆಂದು ತೀರ್ಮಾನಿಸಿದ್ದು ಹಣ ಉಳಿಸಲಿಕ್ಕಲ್ಲ, ಆ ಕಾರಣವನ್ನು ಕಣ್ಣಾರೆ ನೋಡಲಿಕ್ಕೆ.

ಪಕ್ಕದ ಬೀದಿಯಲ್ಲಿ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ವಿಷಯ ಹೇಳಿದಾಗ ಅವರು ಒಂದೇ ಮಾತು ಹೇಳಿದರು: "ಮಾಡಿ ಮೇಷ್ಟ್ರೇ, ಕಷ್ಟದ ಕೆಲ್ಸ ಏನಲ್ಲ. ಆದ್ರೆ ಏಟು ಯಾವ ರೇಸಿಗೆ ಬೀಳ್ತಾ ಇದೆ ಅನ್ನೋದನ್ನ ಮಾತ್ರ ಮರೀಬೇಡಿ. ತಪ್ಪಿದ ರೇಸಿಗೆ ಒಂದೇಟು ಬಿದ್ರೂ ಅದು ಹೊಸ ಬೇರಿಂಗ್ ಅಲ್ಲ." ರೇಸು ಎಂದರೆ ಬೇರಿಂಗಿನ ಉಂಗುರ.

ಮಾರುತಿ 800 ಮುಂಬದಿ ಚಕ್ರಗಳಿಂದ ಎಳೆಯುವ ಕಾರು. ಹಿಂದಿನ ಚಕ್ರಗಳಿಗೆ ಇಂಜಿನ್ನಿನ ಸಂಬಂಧವೇ ಇಲ್ಲ. ಅವು ಎತ್ತಿನ ಗಾಡಿಯ ಗಾಲಿಗಳಂತೆ ಸುಮ್ಮನೆ ಉರುಳುವಂಥವು. ಹಿಂದಿನ ಆಕ್ಸಲ್ಲಿನ ತುದಿಯಲ್ಲಿ ಸ್ಪಿಂಡಲ್ ಎಂಬ ಒಂದು ಗಟ್ಟಿಯಾದ ದಂಡವಿದೆ, ಅದು ತಿರುಗುವುದಿಲ್ಲ. ಅದರ ಮೇಲೆ ಬ್ರೇಕ್ ಡ್ರಮ್ಮು ತಿರುಗುತ್ತದೆ, ಡ್ರಮ್ಮಿಗೆ ಚಕ್ರವನ್ನು ಬಿಗಿದಿರುತ್ತದೆ. ಡ್ರಮ್ಮಿನ ನಡುವಿನ ಕುಳಿಯಲ್ಲಿ ಒಳಗೊಂದು ಹೊರಗೊಂದು ಎರಡು ಗುಂಡಿನ ಬೇರಿಂಗುಗಳು, ಅವೆರಡರ ನಡುವೆ ಕೊಳವೆಯಂಥ ಒಂದು ಸ್ಪೇಸರ್. ಎಲ್ಲವನ್ನೂ ಸ್ಪಿಂಡಲ್ಲಿನ ತುದಿಯ ಕಿರೀಟದಂಥ ನಟ್ಟು ಹಿಡಿದಿರುತ್ತದೆ, ಆ ನಟ್ಟು ಸಡಿಲವಾಗದಂತೆ ಸ್ಪ್ಲಿಟ್ ಪಿನ್ನು ಎಂಬ ಎರಡು ಕಾಲಿನ ತಂತಿಯ ಪಿನ್ನು ಕಾಯುತ್ತದೆ.

ಈ ರಚನೆಯಲ್ಲಿ ಒಂದು ಸೂಕ್ಷ್ಮವಿದೆ, ಮುಂದಿನ ಕೆಲಸವೆಲ್ಲ ಅದರ ಮೇಲೆಯೇ ನಿಂತಿದೆ. ಇಲ್ಲಿ ಬೇರಿಂಗಿನ ಒಳ ಉಂಗುರ ನಿಂತಿರುತ್ತದೆ, ಹೊರ ಉಂಗುರ ಡ್ರಮ್ಮಿನೊಡನೆ ತಿರುಗುತ್ತದೆ. ಭಾರವಾದರೋ ಯಾವಾಗಲೂ ಲಂಬವಾಗಿ ಒಂದೇ ದಿಕ್ಕಿನಲ್ಲಿರುತ್ತದೆ. ಆದ್ದರಿಂದ ಹೊರ ಉಂಗುರದ ಪ್ರತಿಯೊಂದು ಭಾಗವೂ ಸರದಿಯಂತೆ ಭಾರ ಹೊರುತ್ತ ಹೋಗುತ್ತದೆ. ಅದು ತನ್ನ ಕುಳಿಯಲ್ಲಿ ಸಡಿಲವಾಗಿದ್ದರೆ ನಿಧಾನವಾಗಿ ಜಾರಿ ಜಾರಿ ಕುಳಿಯನ್ನೇ ತಿಂದುಹಾಕುತ್ತದೆ. ಹಾಗಾಗಬಾರದೆಂದೇ ಹೊರ ಉಂಗುರವನ್ನು ಡ್ರಮ್ಮಿನೊಳಗೆ ಬಲವಾಗಿ ಒತ್ತಿ ಕೂರಿಸಿರುತ್ತಾರೆ. ಒಳ ಉಂಗುರಕ್ಕೆ ಆ ಬಿಗಿ ಬೇಕಿಲ್ಲ, ಅದು ಸ್ಪಿಂಡಲ್ಲಿನ ಮೇಲೆ ಕೈಯಿಂದಲೇ ಜಾರುವಷ್ಟಿದ್ದರೆ ಸಾಕು. ಬೇರಿಂಗನ್ನು ಕೂರಿಸುವಾಗ ಬಲವನ್ನೆಲ್ಲ ಹೊರ ಉಂಗುರದ ಮೇಲೆಯೇ ಹಾಕಬೇಕು ಎಂಬ ನಿಯಮ ಹುಟ್ಟುವುದು ಇಲ್ಲಿಂದ. ಒಳ ಉಂಗುರದ ಮೇಲೆ ಹೊಡೆದರೆ ಆ ಹೊಡೆತ ಹೊರ ಉಂಗುರವನ್ನು ತಲುಪಲು ಗುಂಡುಗಳ ಮೂಲಕವೇ ಹಾಯಬೇಕು, ಗುಂಡು ಮುಟ್ಟುವ ಜಾಗವಾದರೋ ಸೂಜಿಮೊನೆಯಷ್ಟು ಚಿಕ್ಕದು.

ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಬಂದು ಕೆಲಸಕ್ಕೆ ಕೈಹಾಕಿದೆವು. ಡ್ರಮ್ಮು ಬಿಚ್ಚಬೇಕಾದ್ದರಿಂದ ಹ್ಯಾಂಡ್‌ಬ್ರೇಕನ್ನು ಇಳಿಸಲೇಬೇಕು. ಅದಕ್ಕಾಗಿ ಕಾರನ್ನು ಮೊದಲನೆಯ ಗೇರಿನಲ್ಲಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಟ್ಟೆವು. ಗೇರು ಹಿಡಿಯುವುದು ಮುಂದಿನ ಚಕ್ರಗಳನ್ನೇ ಆದ್ದರಿಂದ ಈ ಕಾರಿನಲ್ಲಿ ಅದು ಕೆಲಸಕ್ಕೆ ಬರುತ್ತದೆ. ಚಕ್ರ ನೆಲದ ಮೇಲಿರುವಾಗಲೇ ನಡುವಿನ ದೂಳುಮುಚ್ಚಳವನ್ನು ಉಳಿಯಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ತಟ್ಟಿ ತೆಗೆದು, ಸ್ಪ್ಲಿಟ್ ಪಿನ್ನನ್ನು ನೇರ ಮಾಡಿ ಎಳೆದು, ದೊಡ್ಡ ಸಾಕೆಟ್ಟಿಗೆ ಮೂರಡಿಯ ಪೈಪು ಸಿಕ್ಕಿಸಿ ಕಿರೀಟದ ನಟ್ಟನ್ನು ಸಡಿಲಿಸಿದೆವು. ಕಾರನ್ನು ಎತ್ತಿದ ಮೇಲೆ ಇಷ್ಟು ಬಲ ಹಾಕಿದರೆ ಜಾಕಿ ಜಾರುತ್ತದೆ. ಎತ್ತಿದ ಮೇಲಂತೂ ಜಾಕಿಯೊಂದನ್ನೇ ನೆಚ್ಚದೆ ಆಕ್ಸಲ್ಲಿನ ಕೆಳಗೆ ಸ್ಟ್ಯಾಂಡು ಇಟ್ಟೆವು. ಕಳಚಿದ ಚಕ್ರವನ್ನೂ ಕಾರಿನ ಅಡಿಗೆ ಮಲಗಿಸಿದೆವು. ಸ್ಟ್ಯಾಂಡು ಕೈಕೊಟ್ಟರೂ ಕಾರು ಚಕ್ರದ ಮೇಲೆ ಕೂರುತ್ತದೆ, ಮನುಷ್ಯನ ಮೇಲಲ್ಲ.

ದೂಳುಮುಚ್ಚಳವನ್ನು ಕೈಯಲ್ಲಿ ಹಿಡಿದು ನೋಡಿದಾಗಲೇ ಮೊದಲ ಸುಳಿವು ಸಿಕ್ಕಿತು. ಅದರ ಅಂಚು ಒಂದು ಕಡೆ ಚಪ್ಪಟೆಯಾಗಿತ್ತು, ಹಿಂದಿನ ಸಲ ಅದನ್ನು ಓರೆಯಾಗಿ ಹೊಡೆದು ಕೂರಿಸಿದ್ದರ ಗುರುತು. ಒಳಗಿನ ಗ್ರೀಸು ಡಿಕಾಕ್ಷನ್ ಇಳಿಸಿದ ಮೇಲೆ ಉಳಿಯುವ ಕಾಫಿ ಚರಟದಂತೆ ಕಂದು ಬಣ್ಣಕ್ಕೆ ತಿರುಗಿತ್ತು. ಆಗಸ್ಟಿನಲ್ಲಿ ಬಿಸಿಲೆಯ ಕಡೆ ಹೋಗಿದ್ದಾಗ ರಸ್ತೆಯ ಮೇಲೆ ಹರಿಯುತ್ತಿದ್ದ ಹಳ್ಳವೊಂದನ್ನು ದಾಟಿದ್ದು ನೆನಪಾಯಿತು. ಘಟ್ಟ ಇಳಿಯುವಾಗ ಬ್ರೇಕು ಹಿಡಿದು ಹಿಡಿದು ಡ್ರಮ್ಮು ಕಾದಿರುತ್ತದೆ. ಕಾದ ಡ್ರಮ್ಮು ತಣ್ಣೀರಿಗೆ ಬಿದ್ದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸಂದು ಸಿಕ್ಕಿದಲ್ಲಿ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮುಚ್ಚಳ ಸರಿಯಾಗಿದ್ದರೆ ಆ ಸಂದು ಇರುತ್ತಿರಲಿಲ್ಲ.

ಡ್ರಮ್ಮು ಕೈಗೆ ಬರಲಿಲ್ಲ. ಹಳೆಯ ಡ್ರಮ್ಮಿನ ಒಳಮೈಯಲ್ಲಿ, ಅದಕ್ಕೆ ಒತ್ತಿ ಚಕ್ರವನ್ನು ನಿಲ್ಲಿಸುವ ಬ್ರೇಕ್ ಶೂಗಳು ಸವೆಸಿದ ತಗ್ಗಿನ ಅಂಚಿಗೆ ಒಂದು ದಿಂಡು ಉಳಿದಿರುತ್ತದೆ, ಶೂಗಳು ಆ ದಿಂಡಿಗೆ ಸಿಕ್ಕಿಕೊಳ್ಳುತ್ತವೆ. ಹ್ಯಾಂಡ್‌ಬ್ರೇಕಿನ ಕೇಬಲ್ಲನ್ನು ಸಡಿಲಿಸಿ, ಡ್ರಮ್ಮಿನ ಮುಖದ ಮೇಲಿದ್ದ ಎರಡು ತಿರುಪಿನ ರಂಧ್ರಗಳಿಗೆ ಬೋಲ್ಟು ಹಾಕಿ, ಎರಡನ್ನೂ ಸರದಿಯಂತೆ ಅರ್ಧರ್ಧ ಸುತ್ತು ತಿರುಗಿಸುತ್ತ ಬಂದಾಗ ಡ್ರಮ್ಮು ತಾನಾಗಿ ಹೊರಕ್ಕೆ ಸರಿಯಿತು. ಒಳಗಿನ ಕಪ್ಪು ದೂಳನ್ನು ಊದಬಾರದೆಂದು ಮಗನಿಗೆ ಮೊದಲೇ ಹೇಳಿದ್ದೆ. ಶೂಗಳ ಮೇಲೆ ಅಂಟಿಸುವ ಹಳೆಯ ಕಾಲದ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಈ ಶೂಗಳಲ್ಲಿ ಏನಿದೆಯೋ ಕಾಣುವಂತಿಲ್ಲವಾದ್ದರಿಂದ ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆದೆವು. ಡ್ರಮ್ಮು ಹೊರಗಿರುವಾಗ ಯಾರೂ ಬ್ರೇಕ್ ಪೆಡಲನ್ನು ಮುಟ್ಟದಿರಲೆಂದು ಡ್ರೈವರ್ ಸೀಟಿನ ಮೇಲೆ ಟೂಲ್ ಪೆಟ್ಟಿಗೆ ಇಟ್ಟೆವು. ತುಳಿದರೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ನುಗಳು ಹೊರಗೆ ಹಾರಿ, ಒಂದರ ಜೊತೆ ಇನ್ನೊಂದು ಕೆಲಸ ಬೀಳುತ್ತದೆ.

ಹಳೆಯ ಬೇರಿಂಗುಗಳನ್ನು ಹೊರಗೆ ತೆಗೆಯುವಾಗ ಮಾತ್ರ ಒಳ ಉಂಗುರಕ್ಕೆ ಹೊಡೆಯದೆ ಬೇರೆ ದಾರಿಯಿಲ್ಲ. ನಡುವಿನ ಸ್ಪೇಸರನ್ನು ಒಂದು ಪಕ್ಕಕ್ಕೆ ಒತ್ತಿದರೆ ಆಚೆಯ ಬೇರಿಂಗಿನ ಒಳ ಉಂಗುರದ ಅಂಚು ಉಗುರಿನಷ್ಟು ಕಾಣುತ್ತದೆ. ಅಲ್ಲಿಗೆ ಹಿತ್ತಾಳೆಯ ಸರಳನ್ನು ಇಟ್ಟು, ಒಂದು ಏಟು ಇಲ್ಲಿ ಒಂದು ಏಟು ಎದುರಿನಲ್ಲಿ ಎಂದು ಸುತ್ತುತ್ತ ಹೊಡೆದಾಗ ಬೇರಿಂಗು ನೇರವಾಗಿ ಇಳಿಯಿತು. ಎಸೆಯುವ ಬೇರಿಂಗಿಗೆ ಇದರಿಂದ ನಷ್ಟವಿಲ್ಲ.

ಆ ಸಂಜೆ ನಾನು ಹೊಸದನ್ನು ಹಾಕುವ ಅವಸರ ಮಾಡದೆ ಹಳೆಯದನ್ನು ಬಿಡಿಸಿ ನೋಡುತ್ತ ಕೂತೆ. ಹೊರಗಿನ ಬೇರಿಂಗಿನ ಗುಂಡುಗಳನ್ನು ಹಿಡಿದಿರುವ ಕೇಜಿನ ರಿವೆಟ್ಟುಗಳನ್ನು ಡ್ರಿಲ್ಲಿನಿಂದ ಕೊರೆದು ತೆಗೆದು, ಗುಂಡುಗಳನ್ನೆಲ್ಲ ಒಂದು ಬದಿಗೆ ಸರಿಸಿದರೆ ಒಳ ಉಂಗುರ ಬಿಡಿಸಿಕೊಳ್ಳುತ್ತದೆ. ಡೀಸೆಲ್ಲಿನಲ್ಲಿ ತೊಳೆದು, ಟ್ಯೂಬ್‌ಲೈಟಿನ ಕೆಳಗೆ ಭೂತಗನ್ನಡಿ ಹಿಡಿದು ನೋಡಿದೆ. ಒಳ ಉಂಗುರದ ಓಡುಗಾಲುವೆಯ ಒಂದು ಪಕ್ಕದಲ್ಲಿ, ನಡುಮಧ್ಯದಲ್ಲಲ್ಲ, ಅಂಚಿನ ಕಡೆಗೆ ಏರುವಲ್ಲಿ, ಸಮಾನ ಅಂತರದಲ್ಲಿ ಸಣ್ಣ ಗುಳಿಗಳಿದ್ದವು. ಎಣಿಸಿದೆ, ಎಂಟು. ಗುಂಡುಗಳೂ ಎಂಟು. ಚಕ್ರ ಓಡುವಾಗ ಬೀಳುವ ಭಾರ ಮೇಲಿನಿಂದ ಕೆಳಕ್ಕೆ ಬೀಳುತ್ತದೆ, ಸುತ್ತಲೂ ಎಂಟು ಕಡೆ ಒಂದೇ ಸಲಕ್ಕೆ ಒಂದೇ ಪಕ್ಕದಲ್ಲಿ ಗುಳಿ ಮಾಡುವುದಿಲ್ಲ. ಪಕ್ಕದಿಂದ ಉಂಗುರದ ಮೇಲೆ ಬಿದ್ದ ಸುತ್ತಿಗೆಯ ಏಟು ಮಾತ್ರ ಹಾಗೆ ಮಾಡಬಲ್ಲದು. ಎರಡು ವರ್ಷದ ಹಿಂದೆ ಯಾರೋ ಹೊಸ ಬೇರಿಂಗನ್ನು ಒಳ ಉಂಗುರದ ಮೇಲೆ ಹೊಡೆದು ಕೂರಿಸಿದ್ದರು. ಗುಳಿಗಳು ಬಿದ್ದದ್ದು ಅಂದೇ. ಅವುಗಳ ಪೈಕಿ ಭಾರ ಹೊರುವ ಕೆಳಭಾಗದಲ್ಲಿದ್ದ ಮೂರರ ಸುತ್ತ ಉಕ್ಕು ಪದರ ಪದರವಾಗಿ ಎದ್ದು ಹೋಗಿತ್ತು. ಒಳಗೆ ಸೇರಿದ ನೀರು ಅಲ್ಲಿಗೆ ತುಕ್ಕನ್ನೂ ತಂದಿತ್ತು. ಹೀಗಾಗಲು ಕಾಲ ಬೇಕು, ಆದ್ದರಿಂದ ಈ ಗುಳಿಗಳು ನಾನು ತೆಗೆಯುವಾಗ ಹೊಡೆದ ಏಟಿನವಲ್ಲ. ನನ್ನ ಎದುರಿಗೇ ಹೀಗೆ ಹೊಡೆದಿದ್ದರೂ ಅಂದು ನನಗೆ ಅದು ತಪ್ಪೆಂದು ತಿಳಿಯುತ್ತಿರಲಿಲ್ಲ.

ಸದ್ದಿನ ಲೆಕ್ಕವೂ ತಾಳೆಯಾಯಿತು. ನಮ್ಮ ಕಾರಿನ 145/70 ಆರ್12 ಟೈರಿನ ಸುತ್ತಳತೆ ಸುಮಾರು 1.6 ಮೀಟರು. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ 16.7 ಮೀಟರು, ಅಂದರೆ ಚಕ್ರ ಸೆಕೆಂಡಿಗೆ ಹತ್ತಕ್ಕಿಂತ ತುಸು ಹೆಚ್ಚು ಸುತ್ತು ಸುತ್ತುತ್ತದೆ. ಒಂದು ಸುತ್ತಿಗೆ ಒಳ ಉಂಗುರದ ಒಂದು ಗುಳಿಯನ್ನು ಎಂಟು ಗುಂಡುಗಳ ಪೈಕಿ ಸರಾಸರಿ ಐದರಷ್ಟು ಹಾಯುತ್ತವೆ. ಗುಂಡುಗಳ ತಂಡ ಡ್ರಮ್ಮಿಗಿಂತ ನಿಧಾನವಾಗಿ ಸಾಗುವುದರಿಂದ ಎಂಟೂ ಹಾಯುವುದಿಲ್ಲ. ಹೀಗೆ ಸೆಕೆಂಡಿಗೆ ಐವತ್ತು ಬಡಿತಗಳು. ನಮ್ಮ ಕಿವಿಗೆ ಅದೇ ಗಿರಣಿಯ ಗುಂಯ್ಗುಡುವಿಕೆಯಾಗಿ ಕೇಳಿಸುತ್ತಿತ್ತು.

ಭಾನುವಾರ ಬೆಳಗ್ಗೆ ಬಿ.ಎಂ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಹಳೆಯ ಎರಡೂ ಬೇರಿಂಗುಗಳನ್ನು ಹಿಡಿದುಕೊಂಡೇ ಹೋದೆ. ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತರೂ ಅದರ ಬಿಡಿಭಾಗಗಳಿಗೆ ನಮ್ಮ ಊರಿನಲ್ಲಿ ಇನ್ನೂ ಕೊರತೆಯಿಲ್ಲ. ಬೇರಿಂಗಿನ ಅಂಚಿನ ಮೇಲೆ ಕೊರೆದಿರುವ ಸಂಖ್ಯೆಯನ್ನು ಓದಲು ಕಲಿತರೆ ಅಂಗಡಿಯವರ ಮಾತಿಗೆ ಕಾಯಬೇಕಾಗಿಲ್ಲ. ಉದಾಹರಣೆಗೆ 6205 ಎಂಬ ಸಂಖ್ಯೆಯಲ್ಲಿ ಮೊದಲಿನ 6 ಎಂದರೆ ಆಳವಾದ ಕಾಲುವೆಯ ಗುಂಡಿನ ಬೇರಿಂಗು, 2 ಎಂದರೆ ಅದರ ಅಳತೆಯ ಶ್ರೇಣಿ, ಕೊನೆಯ 05ನ್ನು ಐದರಿಂದ ಗುಣಿಸಿದರೆ ಬರುವ 25 ಎಂದರೆ ನಡುವಿನ ರಂಧ್ರದ ಮಿಲಿಮೀಟರ್ ವ್ಯಾಸ. ಮುಂದೆ ಇಂಗ್ಲಿಷಿನ ಆರ್‌ಎಸ್ ಅಕ್ಷರಗಳಿದ್ದರೆ ರಬ್ಬರ್ ಸೀಲು, ಜೆಡ್ ಇದ್ದರೆ ತಗಡಿನ ಮುಚ್ಚಳ. "ಎರಡು ಗಾಲಿಗೂ ಸೇರಿಸಿ ಒಂದು ಸೆಟ್ ತಗೊಂಡ್ಬಿಡಿ ಸಾರ್" ಎಂದರು ಅಂಗಡಿಯವರು. ನಾನು ಬಲಗಡೆಗೆ ಬೇಕಾದಷ್ಟನ್ನೇ ಕೊಂಡೆ, ಜೊತೆಗೆ ಹೊಸ ಸ್ಪ್ಲಿಟ್ ಪಿನ್ನು, ಹೊಸ ದೂಳುಮುಚ್ಚಳ, ಒಂದು ಡಬ್ಬಿ ಲಿಥಿಯಂ ಗ್ರೀಸು. ಬಳಸಿದ ಸ್ಪ್ಲಿಟ್ ಪಿನ್ನನ್ನು ಮತ್ತೆ ಬಳಸುವವರಿದ್ದಾರೆ. ಒಮ್ಮೆ ಬಗ್ಗಿಸಿ ನೇರ ಮಾಡಿದ ತಂತಿ ಎರಡನೆಯ ಸಲ ಬಗ್ಗಿಸಿದಾಗ ಮುರಿಯುವುದು ಯಾವ ಕ್ಷಣದಲ್ಲೋ ಹೇಳಲಾಗದು, ಆ ಪಿನ್ನಿನ ಆಚೆ ಚಕ್ರವನ್ನು ಹಿಡಿದಿಡುವುದು ಏನೂ ಇಲ್ಲ.

ಬೇರಿಂಗುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ ಫ್ರಿಜ್ಜಿನ ಹಿಮಪೆಟ್ಟಿಗೆಯಲ್ಲಿಟ್ಟೆ. "ಅದೇನ್ರೀ, ಬಟಾಣಿ ಪಕ್ಕದಲ್ಲಿ ಗ್ರೀಸು?" ಎಂದು ಮನೆಯವಳು ಆಕ್ಷೇಪಿಸಿದ್ದು ನ್ಯಾಯವೇ ಆಗಿತ್ತು, ಇನ್ನೊಂದು ಕವರು ಸುತ್ತಿದೆ. ಡ್ರಮ್ಮನ್ನು ತೊಳೆದು, ಕುಳಿಯನ್ನು ಬನಿಯನ್ ವೇಸ್ಟಿನಿಂದ ಒರೆಸಿ, ಬಿಸಿಲಿನಲ್ಲಿಟ್ಟು, ಕೊನೆಗೆ ಅದರ ಮೇಲೆ ಕುದಿವ ನೀರನ್ನು ಸುರಿದು ತಕ್ಷಣ ಒರೆಸಿ ಒಣಗಿಸಿದೆವು. ಐವತ್ತು ಮಿಲಿಮೀಟರ್ ವ್ಯಾಸದ ಎರಕದ ಕಬ್ಬಿಣದ ಕುಳಿಗೂ ಅದರೊಳಗೆ ಹೋಗಬೇಕಾದ ಉಕ್ಕಿನ ಉಂಗುರಕ್ಕೂ ನಡುವೆ 80 ಡಿಗ್ರಿ ಸೆಲ್ಸಿಯಸ್ ತಾಪದ ಅಂತರವಿದ್ದರೆ ಸುಮಾರು 0.04 ಮಿಲಿಮೀಟರ್ ಜಾಗ ಸಿಗುತ್ತದೆ. ಕೇಳಲು ಏನೂ ಅಲ್ಲವೆನಿಸಿದರೂ ಒತ್ತಿ ಕೂರಿಸುವ ಬಿಗಿ ಇರುವುದೂ ಈ ಅಳತೆಯಲ್ಲಿಯೇ. ಸುತ್ತಿಗೆಯ ಹತ್ತು ಏಟುಗಳ ಕೆಲಸವನ್ನು ತಾಪ ಮಾಡಿಕೊಡುತ್ತದೆ.

ಕೂರಿಸುವ ಸಾಧನವನ್ನು ಹಳೆಯ ಬೇರಿಂಗೇ ಒದಗಿಸಿತು. ಬಿಡಿಸಿದ ಹಳೆಯ ಹೊರ ಉಂಗುರದ ಹೊರಮೈಯನ್ನು ಗ್ರೈಂಡರಿನಲ್ಲಿ ತುಸು ಉಜ್ಜಿ, ಕುಳಿಯಲ್ಲಿ ಸಿಕ್ಕಿಹಾಕಿಕೊಳ್ಳದಷ್ಟು ಸಣ್ಣದು ಮಾಡಿಟ್ಟುಕೊಂಡಿದ್ದೆ. ಹೊಸ ಬೇರಿಂಗಿನ ಹೊರ ಉಂಗುರದ ಮೇಲೆ ಅದನ್ನಿಟ್ಟು, ಅದರ ಮೇಲೆ ಮರದ ತುಂಡಿಟ್ಟು ಹೊಡೆದರೆ ಏಟು ಹೊರ ಉಂಗುರವನ್ನು ಬಿಟ್ಟು ಬೇರೆಲ್ಲಿಗೂ ಹೋಗಲಾರದು. ಒಳಗಿನ ಬೇರಿಂಗು ನಾಲ್ಕೇ ಏಟಿಗೆ ಇಳಿಯಿತು. ಮೊದಲ ಮೂರು ಏಟಿನ ಸದ್ದು ಮೆತ್ತಗಿತ್ತು, ನಾಲ್ಕನೆಯದು ಠಣ್ ಎಂದಿತು. ಬೇರಿಂಗು ಕುಳಿಯ ಮೆಟ್ಟಿಲಿಗೆ ಮುಟ್ಟಿತೆಂಬುದಕ್ಕೆ ಆ ಠಣತ್ಕಾರವೇ ಗುರುತು, ಅದಾದ ಮೇಲೆ ಒಂದೂ ಏಟು ಹೆಚ್ಚಿಗೆ ಹಾಕಬಾರದು.

ಎರಡನೆಯ ಬೇರಿಂಗಿನಲ್ಲಿ ನಾನು ಎಡವಿದೆ. ಡ್ರಮ್ಮನ್ನು ತಿರುಗಿಸಿ, ಸ್ಪೇಸರನ್ನು ಒಳಗಿಟ್ಟು, ನಡುವಿನ ಪೊಳ್ಳಿಗೆ ಅರ್ಧಕ್ಕಿಂತ ತುಸು ಕಡಿಮೆ ಗ್ರೀಸು ತುಂಬಿ, ಹಿಮಪೆಟ್ಟಿಗೆಯಿಂದ ತೆಗೆದ ಬೇರಿಂಗಿನ ಮೇಲೆ ಇಬ್ಬನಿ ಕೂರುವ ಮೊದಲೇ ಕೂರಿಸಬೇಕೆಂಬ ಆತುರದಲ್ಲಿ ಹೊಡೆದು ಮುಗಿಸಿದೆ. ಠಣ್ ಸದ್ದೂ ಬಂತು. ಆದರೆ ಡ್ರಮ್ಮನ್ನು ಸ್ಪಿಂಡಲ್ಲಿಗೆ ಏರಿಸಲು ಹೋದರೆ ಅದು ಅರ್ಧದಲ್ಲಿ ನಿಂತಿತು. ಬೆಳಕು ಹಾಯಿಸಿ ನೋಡಿದಾಗ, ಸ್ಪೇಸರ್ ಗ್ರೀಸಿನೊಳಗೆ ಜಾರಿ ಒಂದು ಬದಿಗೆ ಎರಡು ಮಿಲಿಮೀಟರಿನಷ್ಟು ಸರಿದು, ಎರಡೂ ಒಳ ಉಂಗುರಗಳ ನಡುವೆ ಕಚ್ಚಿಕೊಂಡಿತ್ತು. ಬೆರಳಿನಿಂದ ತಳ್ಳಿದರೂ ಕದಲಲಿಲ್ಲ. ಹಿರಿಯರನ್ನು ಕರೆತಂದೆ. ಅವರು ನೋಡಿ, "ಹೊರಗಿನದನ್ನ ತೆಗೀಲೇಬೇಕು ಮೇಷ್ಟ್ರೇ. ತೆಗೆದ್ಮೇಲೆ ಅದನ್ನ ಮತ್ತೆ ಹಾಕೋ ಆಸೆ ಬೇಡ" ಎಂದರು. ತೆಗೆಯಬೇಕಾದರೆ ಒಳ ಉಂಗುರಕ್ಕೇ ಹೊಡೆಯಬೇಕು. ಹೊಡೆದರೆ ನಾನು ಹಿಂದಿನ ಸಂಜೆ ಭೂತಗನ್ನಡಿಯಲ್ಲಿ ಕಂಡ ಗುಳಿಗಳನ್ನು ನಾನೇ ಮಾಡಿದಂತೆ. ಒಂದು ಕಿಲೋಮೀಟರೂ ಓಡದ ಬೇರಿಂಗನ್ನು ಹೊಡೆದು ತೆಗೆದು ಪಕ್ಕಕ್ಕಿಟ್ಟೆ. ಕೈಯಿಂದ ತಿರುಗಿಸಿದರೆ ಅದು ನುಣ್ಣಗೆ ತಿರುಗುತ್ತಲೇ ಇತ್ತು, "ಇನ್ನೂ ಚೆನ್ನಾಗಿದೆಯಲ್ಲಪ್ಪಾ, ಹಾಕೋಣ" ಎಂದು ಮಗನೂ ಹೇಳಿದ. ಬಹುಶಃ ಇಂಥ ಕ್ಷಣದಲ್ಲೇ ಗ್ಯಾರೇಜುಗಳಲ್ಲೂ ಅಂಥವು ಮತ್ತೆ ಒಳಗೆ ಹೋಗುತ್ತವೆ. ಅಂಗಡಿ ಮಧ್ಯಾಹ್ನಕ್ಕೆ ಮುಚ್ಚುವ ಮೊದಲು ಮಗ ಸೈಕಲ್ಲಿನಲ್ಲಿ ಹೋಗಿ ಇನ್ನೊಂದನ್ನು ತಂದ.

ಎರಡನೆಯ ಪ್ರಯತ್ನದಲ್ಲಿ, ಸ್ಪಿಂಡಲ್ಲಿನಷ್ಟೇ ದಪ್ಪವಾಗುವಂತೆ ಗುದ್ದಲಿಯ ಹಳೆಯ ಕಾವನ್ನು ಕೆತ್ತಿ, ಒಳಗಿನ ಬೇರಿಂಗು ಮತ್ತು ಸ್ಪೇಸರ್ ಎರಡರ ಮೂಲಕವೂ ತೂರಿಸಿ ನಿಲ್ಲಿಸಿದೆವು. ಹೊರಗಿನ ಬೇರಿಂಗನ್ನು ಆ ಕಾವಿನ ಮೇಲಿಂದಲೇ ಜಾರಿಸಿ ತಂದು, ಎರಡು ಏಟಿಗೊಮ್ಮೆ ಕಾವನ್ನು ತಿರುಗಿಸಿ ನೋಡುತ್ತ ಕೂರಿಸಿದಾಗ ಮೂರೂ ಒಂದೇ ಸಾಲಿನಲ್ಲಿ ನಿಂತವು. ಸೀಲಿರುವ ಬದಿ ಎರಡು ಬೇರಿಂಗಿನಲ್ಲೂ ಹೊರಮುಖವಾಗಿ, ತೆರೆದ ಬದಿ ಗ್ರೀಸಿನ ಕಡೆಗಿರುವಂತೆ ನೋಡಿಕೊಂಡೆವು. ಗ್ರೀಸನ್ನು ಪೂರ್ತಿ ತುಂಬುವುದು ಒಳ್ಳೆಯದೆಂದು ಹಲವರು ತಿಳಿಯುತ್ತಾರೆ. ಪೂರ್ತಿ ತುಂಬಿದರೆ ಅದು ಕಲಸಿಕೊಂಡು ಕಾಯುತ್ತದೆ, ಕಾದು ತೆಳ್ಳಗಾಗಿ ಸೀಲನ್ನು ತಳ್ಳಿಕೊಂಡು ಬ್ರೇಕ್ ಲೈನಿಂಗಿನ ಮೇಲೆ ಇಳಿಯುತ್ತದೆ.

ನಟ್ಟು ಬಿಗಿಯುವ ವಿಷಯದಲ್ಲಿ ಹಿರಿಯರಿಗೂ ನನಗೂ ಸ್ವಲ್ಪ ಚರ್ಚೆಯಾಯಿತು. ಅವರು ಇಡೀ ಆಯುಸ್ಸು ಬಸ್ಸುಗಳ ಟೇಪರ್ ರೋಲರ್ ಬೇರಿಂಗುಗಳ (ಗುಂಡಿನ ಬದಲು ಒಂದು ತುದಿ ಸಣ್ಣದಾದ ಉರುಳೆಗಳಿರುವಂಥವು) ಮೇಲೆ ಕೆಲಸ ಮಾಡಿದವರು. ಅಲ್ಲಿ ನಟ್ಟನ್ನು ಬಿಗಿದು ಮತ್ತೆ ತುಸು ಹಿಂದಕ್ಕೆ ಬಿಟ್ಟು ಆಟವನ್ನು ಕೈಯಿಂದ ಹೊಂದಿಸಬೇಕು, ಅತಿಯಾಗಿ ಬಿಗಿದರೆ ರೋಲರುಗಳು ಸುಟ್ಟುಹೋಗುತ್ತವೆ. ನಮ್ಮ ಕಾರಿನಲ್ಲಿ ನಟ್ಟಿನ ಬಿಗಿ ಗುಂಡುಗಳ ಮೇಲೆ ಬೀಳುವುದೇ ಇಲ್ಲ. ಅದು ಹೊರಗಿನ ಬೇರಿಂಗಿನ ಒಳ ಉಂಗುರ, ಸ್ಪೇಸರ್, ಒಳಗಿನ ಬೇರಿಂಗಿನ ಒಳ ಉಂಗುರ ಈ ಮೂರನ್ನೂ ಒಂದೇ ಕೊಳವೆಯಂತೆ ಸ್ಪಿಂಡಲ್ಲಿನ ಹೆಗಲಿಗೆ ಒತ್ತಿಹಿಡಿಯುತ್ತದೆ. ಆದ್ದರಿಂದ ಇಲ್ಲಿ ಸಡಿಲ ಬಿಡುವುದೇ ತಪ್ಪು. ವರ್ಕ್‌ಶಾಪ್ ಕೈಪಿಡಿಯಲ್ಲಿ ಕೊಟ್ಟ ಅಳತೆಗೆ, ನಟ್ಟಿನ ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚನ್ನು ಹೊಂದಿಸಿ, ಕ್ಲಿಕ್ ಎನ್ನುವವರೆಗೆ ಬಿಗಿದು, ಪಿನ್ನಿನ ರಂಧ್ರ ಕಿರೀಟದ ಹಲ್ಲಿಗೆ ಸರಿಹೊಂದದಿದ್ದಾಗ ಮುಂದಿನ ಹಲ್ಲಿನವರೆಗೆ ಬಿಗಿ ಹೆಚ್ಚಿಸಿದೆನೇ ಹೊರತು ಹಿಂದಕ್ಕೆ ಬಿಡಲಿಲ್ಲ. ಬಿಗಿದ ಮೇಲೆ ಡ್ರಮ್ಮನ್ನು ತಿರುಗಿಸಿದ ಹಿರಿಯರು ಅದರ ಓಟವನ್ನು ಕಿವಿಗೊಟ್ಟು ಕೇಳಿ, "ಸರಿ ಮೇಷ್ಟ್ರೇ, ನೀವು ಹೇಳಿದ್ದೇ ಸರಿ, ಭಾರ ನಡುವಿನ ಕೊಳವೆ ಹೊರ್ತಾ ಇದೆ" ಎಂದು ಒಪ್ಪಿದರು.

ಹೊಸ ದೂಳುಮುಚ್ಚಳವನ್ನು ಅಗಲವಾದ ಸಾಕೆಟ್ಟಿನಿಂದ ಅಂಚಿಗೆ ಸಮನಾಗಿ ತಟ್ಟಿ ಕೂರಿಸಿದೆ. ಚಕ್ರ ಹಾಕಿ, ಹ್ಯಾಂಡ್‌ಬ್ರೇಕಿನ ಕೇಬಲ್ಲನ್ನು ಹಿಂದಿನಂತೆ ಹೊಂದಿಸಿ, ಶೂಗಳು ಡ್ರಮ್ಮಿನಿಂದ ತಮ್ಮ ಅಂತರಕ್ಕೆ ಬರುವಂತೆ ಬ್ರೇಕ್ ಪೆಡಲನ್ನು ಏಳೆಂಟು ಸಲ ಗಟ್ಟಿಯಾಗಿ ತುಳಿದು, ಕಾರನ್ನು ಇಳಿಸಿದ ಮೇಲೆ ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಇನ್ನೊಮ್ಮೆ ಬಿಗಿದೆ.

ಕತ್ತಲಾಗುವ ಮೊದಲು ಸಾಲಗಾಮೆ ರಸ್ತೆಯಲ್ಲಿ ಹದಿನೈದು ಕಿಲೋಮೀಟರ್ ಹೋಗಿ ಬಂದೆವು. 60ರ ವೇಗದಲ್ಲಿ ಹಿಂದಿನ ಸೀಟಿನಿಂದ ಮಗನ ಮಾತು ಕೇಳಿಸಿತು. ಮನೆಗೆ ಬಂದು ಎರಡೂ ಕಡೆಯ ಡ್ರಮ್ಮಿನ ನಡುಭಾಗವನ್ನು ಅಂಗೈಯಿಂದ ಮುಟ್ಟಿ ಹೋಲಿಸಿದೆ. ಬಲಗಡೆಯದು ಎಡಗಡೆಯದಕ್ಕಿಂತ ಬಿಸಿಯಾಗಿರಲಿಲ್ಲ. ಈಗ 1,000 ಕಿಲೋಮೀಟರ್ ದಾಟಿದೆ, ಚಕ್ರವನ್ನೆತ್ತಿ ಅಲ್ಲಾಡಿಸಿ ನೋಡಿದ್ದೇನೆ, ಆಟವಿಲ್ಲ. ಹೊಡೆದು ತೆಗೆದ ಆ ಹೊಸ ಬೇರಿಂಗನ್ನೂ ಗುಳಿಬಿದ್ದ ಹಳೆಯ ಒಳ ಉಂಗುರವನ್ನೂ ಕಾಲೇಜಿನ ಪ್ರಯೋಗಾಲಯದಲ್ಲಿ ಅಕ್ಕಪಕ್ಕ ಇಟ್ಟಿದ್ದೇನೆ. ಹೊಸದರ ಕೇಜನ್ನು ಇನ್ನೂ ಬಿಡಿಸಿಲ್ಲ. ವಿದ್ಯಾರ್ಥಿಗಳ ಮುಂದೆಯೇ ಬಿಡಿಸಿ, ನನ್ನ ಏಟಿಗೆ ಅದರಲ್ಲಿ ಎಷ್ಟು ಗುಳಿ ಬಿದ್ದಿವೆಯೆಂದು ಅವರಿಂದಲೇ ಎಣಿಕೆ ಮಾಡಿಸಬೇಕೆಂದಿದ್ದೇನೆ.